ಕತ್ತರಿಸಿ ಬಿಸಾಡಿದ ಅಂಚು

ಇಂಥ ಕಥೆಗಳನ್ನು ಯಾರಾದರೂ ಶುರು ಮಾಡಿದರೆ ನನಗೆ ಭಯವಾಗುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು. ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಎರಡನೇ ಮಾಳಿಗೆಯ ಹೆಂಗಸೊಬ್ಬರು, ತೀರಿಹೋದ ಅತ್ತೆ ಈಗಲೂ ಅಡುಗೆಮನೆಯಲ್ಲಿ ಪಾತ್ರೆ ಸರಿಸುತ್ತಾರೆ ಎಂದು ಹೇಳಿಕೊಂಡು ಓಡಾಡುತ್ತಿದ್ದಾಗ, ಅವರಿಗೆ ಇಲಿಬೋನು ತಂದುಕೊಟ್ಟವನು ನಾನು. ಮೂರನೇ ದಿನ ಇಲಿ ಬಿತ್ತು. ಆಮೇಲೆ ಅವರು ನನ್ನ ಜೊತೆ ಎರಡು ವರ್ಷ ಮಾತಾಡಲಿಲ್ಲ. ಹಾಗಾಗಿ ನೀವು ಇದನ್ನು ಓದಿ ನಕ್ಕರೆ ನನಗೇನೂ ಬೇಸರವಿಲ್ಲ, ನಿಮ್ಮ ಜಾಗದಲ್ಲಿದ್ದಿದ್ದರೆ ನಾನೂ ನಗುತ್ತಿದ್ದೆ. ಇದರಲ್ಲಿ ವಿಚಿತ್ರ ಎನ್ನುವುದು ಕೆಲವೇ ನಿಮಿಷದ್ದು, ಅದೂ ಹಾಡುಹಗಲಿನದು. ಉಳಿದದ್ದೆಲ್ಲ ನಾವು ಮನುಷ್ಯರೇ ಮಾಡಿದ್ದು. ಅದನ್ನೂ ಬಿಡದೆ ಹೇಳುತ್ತೇನೆ.

ನನ್ನ ಕೆಲಸ ನೀರಿನ ಅಡಿಯನ್ನು ಅಳೆಯುವುದು. ದೋಣಿಯ ಪಕ್ಕಕ್ಕೆ ಒಂದು ಕಬ್ಬಿಣದ ಕಂಬ ಕಟ್ಟಿ, ಅದರ ತುದಿಗೆ ಸೋನಾರಿನ ತಲೆಯನ್ನು ಕೂರಿಸಿ ನೀರಿಗೆ ಇಳಿಸುತ್ತೇವೆ. ಅದು ಸೆಕೆಂಡಿಗೆ ಹಲವು ಸಲ ಟಿಕ್ ಟಿಕ್ ಎಂದು ಸದ್ದು ಬಿಡುತ್ತದೆ, ಬೀಸಣಿಗೆ ಬಿಚ್ಚಿದ ಹಾಗೆ ಎಡಬಲ ಎರಡೂ ಕಡೆಗೆ. ಸದ್ದು ತಳಕ್ಕೆ ಬಡಿದು ಹಿಂದಿರುಗಲು ಎಷ್ಟು ಹೊತ್ತು ಹಿಡಿಯಿತು ಎಂಬುದರ ಮೇಲೆ ಆಳ ಎಷ್ಟೆಂದು ಲೆಕ್ಕ ಹಾಕಿ, ಲ್ಯಾಪ್‌ಟಾಪಿನ ತೆರೆಯ ಮೇಲೆ ಸಾಲುಸಾಲಾಗಿ ತಳದ ಚಿತ್ರ ಬಿಡಿಸುತ್ತದೆ. ಇದರಲ್ಲಿ ಆಪರೇಟರ್ ನಿಗಾ ಇಡಬೇಕಾದದ್ದು ಮುಖ್ಯವಾಗಿ ಎರಡು. ಒಂದು ಗೇನ್, ಅಂದರೆ ವಾಪಸ್ಸು ಬಂದ ಸದ್ದನ್ನು ಎಷ್ಟು ಜೋರು ಮಾಡಿ ಕೇಳಬೇಕು ಎಂಬುದು. ಕಡಿಮೆಯಾದರೆ ಕೆಸರಿನ ತಳ ಕಾಣುವುದೇ ಇಲ್ಲ, ಹೆಚ್ಚಾದರೆ ನೀರಿನ ಗುಳ್ಳೆಯೂ ಬಂಡೆಯಾಗಿ ಕಾಣುತ್ತದೆ. ಇನ್ನೊಂದು, ಆ ನೀರಿನಲ್ಲಿ ಸದ್ದು ಎಷ್ಟು ವೇಗವಾಗಿ ಹೋಗುತ್ತದೆ ಎಂಬುದು. ಉಪ್ಪುನೀರಿನಲ್ಲಿ ವೇಗ ಹೆಚ್ಚು, ಸಿಹಿನೀರಿನಲ್ಲಿ ಕಡಿಮೆ. ಅದನ್ನು ತಿಳಿಯಲು ದೋಣಿ ನಿಲ್ಲಿಸಿ, ಹಗ್ಗಕ್ಕೆ ಕಟ್ಟಿದ ಪ್ರೋಬನ್ನು ತಳದವರೆಗೆ ಇಳಿಸಿ ಎಳೆಯಬೇಕು. ಹತ್ತು ನಿಮಿಷದ ಕೆಲಸ. ಖಾಡಿಯಲ್ಲಿ, ಅಂದರೆ ನದಿ ಕಡಲು ಸೇರುವ ಅಳಿವೆಯಲ್ಲಿ, ಭರತಕ್ಕೆ ಸಮುದ್ರದ ನೀರು ಒಳಗೆ ಬರುತ್ತದೆ, ಇಳಿತಕ್ಕೆ ಉಲ್ಹಾಸ ನದಿಯ ನೀರು ಮೇಲೆ ಹರಿಯುತ್ತದೆ. ಹಾಗಾಗಿ ದಿನಕ್ಕೆ ಮೂರು ನಾಲ್ಕು ಸಲವಾದರೂ ಪ್ರೋಬ್ ಇಳಿಸಲೇಬೇಕು. ಇಳಿಸದಿದ್ದರೆ ಸಪಾಟಾದ ತಳದ ಎರಡೂ ಅಂಚು ಮೇಲಕ್ಕೆ ಬಾಗಿ ಬಾಣಲೆಯಂತೆ ಕಾಣುತ್ತದೆ. ನಮ್ಮವರು ಅದಕ್ಕೆ ಸ್ಮೈಲ್ ಎನ್ನುತ್ತಾರೆ. ನಗುವಂಥದ್ದು ಅದರಲ್ಲಿ ಏನಿದೆಯೋ.

ಕೆಲವು ವರ್ಷಗಳ ಹಿಂದೆ, ದಸರಾ ಮುಗಿದ ಮೇಲೆ, ಡೊಂಬಿವಲಿ ಪಶ್ಚಿಮದ ಖಾಡಿಯಲ್ಲಿ ಇಂಥದೊಂದು ಕೆಲಸ ಬಂತು. ಅಲ್ಲೊಂದು ಜೆಟ್ಟಿ ಕಟ್ಟುವ ಯೋಜನೆ, ಅದಕ್ಕೆ ತಳದ ನಕ್ಷೆ ಬೇಕಿತ್ತು. ಮನೆಯಿಂದ ರಿಕ್ಷಾ ದೂರದ ಕೆಲಸ ಎಂದು ನಾನು ಖುಷಿಯಲ್ಲಿದ್ದೆ, ಇಲ್ಲದಿದ್ದರೆ ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಬದಲಿಸಿ ಬೇಲಾಪುರದ ಆಫೀಸಿಗೆ ಜೋತುಬಿದ್ದು ಹೋಗುವುದೇ ಆಗಿತ್ತು. ಆಫೀಸಿನಲ್ಲಿ ಈ ಕೆಲಸದ ಮುಖ್ಯಸ್ಥ ಪ್ರಸನ್ನ, ಬೆಂಗಳೂರಿನವನು. ನೀರಿಗೆ ಇಳಿಯುವವನಲ್ಲ. ನಾವು ಸಂಜೆ ಕಳಿಸಿದ ಫೈಲುಗಳನ್ನು ಏಸಿ ಕೋಣೆಯಲ್ಲಿ ಕೂತು ನೋಡಿ ಫೋನು ಮಾಡುವವನು.

ದೋಣಿ ನಡೆಸಲು ಗೊತ್ತು ಮಾಡಿದ್ದ ತಾಂಡೇಲರು ಶೀನಣ್ಣ, ಗಂಗೊಳ್ಳಿ ಕಡೆಯವರು. ಮೂವತ್ತು ವರ್ಷದಿಂದ ಈ ಕಡೆಯ ನೀರಿನಲ್ಲೇ ಇದ್ದವರು, ಮನೆ ದಿವಾದ ಒಂದು ಚಾಳಿನಲ್ಲಿ. ನಮ್ಮ ಮನೆಯವರೂ ಕುಂದಾಪುರದವರೇ ಆದ್ದರಿಂದ ಅವರ ಮಾತು ನನಗೆ ಚೆನ್ನಾಗಿ ತಿಳಿಯುತ್ತಿತ್ತು. ಮೊದಲನೇ ದಿನ ಬೆಳಿಗ್ಗೆ ನಾನು ಕಂಬ ಕಟ್ಟುತ್ತಿದ್ದಾಗ ಅವರು ಲ್ಯಾಪ್‌ಟಾಪನ್ನೇ ದಿಟ್ಟಿಸಿ ನೋಡುತ್ತಾ ನಿಂತಿದ್ದರು.

"ಹ್ವಾಯ್, ಅಡಿಯೆಲ್ಲ ಕಾಂತ್ತಾ ಇದ್ರಗೆ?"

ಕಾಣುತ್ತದೆ ಎಂದೆ. ಅವರು ಹತ್ತಿರ ಬಂದು, "ನನ್ ತಮ್ಮನ್ ದೋಣಿ ಇಲ್ಲೇ ಎಲ್ಲೋ ಮುಳ್ಗಿದ್. ಕಂಡ್ರೆ ಒಂದ್ ಮಾತ್ ಹೇಳಿ ಮಾರಾಯ್ರೆ. ಅಬ್ಬಿ ಜೀವ ಹಿಡ್ಕಂಡ್ ಕೂಕಂಡಿತ್" ಎಂದರು.

ತಮ್ಮನ ಹೆಸರು ರಾಜು. ಮಳೆಗಾಲದ ಒಂದು ದಿನ, ನದಿ ತುಂಬಿ ಬಂದಾಗ, ಸಣ್ಣ ಫೈಬರ್ ದೋಣಿಯಲ್ಲಿ ಬಲೆ ಎತ್ತಲು ಹೋದವನು ಮರಳಲಿಲ್ಲ. ದೋಣಿಯೂ ಇಲ್ಲ, ಹೆಣವೂ ಇಲ್ಲ. ಹುಡುಕುವಷ್ಟು ಹುಡುಕಿ ಎಲ್ಲರೂ ಕೈಚೆಲ್ಲಿದ್ದರು. ಅಬ್ಬಿ, ಅಂದರೆ ಅವರ ಅಮ್ಮ, ಹಾಸಿಗೆ ಹಿಡಿದಿದ್ದರು. ರಾಜುವಿನ ಹೆಂಡತಿ ಲಲಿತಾ ಕುಂಕುಮ ಇಡುವುದೋ ಬಿಡುವುದೋ ಎಂದು ಗೊತ್ತಾಗದೆ, ಇಟ್ಟರೂ ಜನರ ಕಣ್ಣು, ಅಳಿಸಿದರೂ ಜನರ ಬಾಯಿ ಎಂಬ ಸ್ಥಿತಿಯಲ್ಲಿದ್ದಳು. ಅಮ್ಮ ಅವಳಿಗೆ ಅಳಿಸಲು ಬಿಟ್ಟಿರಲಿಲ್ಲ. ಕಣ್ಣಾರೆ ಏನಾದರೂ ಕಾಣುವವರೆಗೆ ನಾನೂ ಸಾಯುವುದಿಲ್ಲ, ಅವನೂ ಸತ್ತಿಲ್ಲ ಎಂದು ಹಟ ಹಿಡಿದಿದ್ದರಂತೆ. ಈ ಕೆಲಸಕ್ಕೆ ತಳ ನೋಡುವ ಮಷಿನ್ ಬರುತ್ತದೆ ಎಂದು ಕೇಳಿಯೇ ಶೀನಣ್ಣ ಬೇರೆ ಕೆಲಸ ಬಿಟ್ಟು ಬಂದಿದ್ದರು. ಕಂಡರೆ ಖಂಡಿತ ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಆ ದಿನವೇ ಮಾಡಬಾರದ್ದನ್ನು ಮಾಡಿದೆ. ಬೆಳಿಗ್ಗೆ ಭರತದಲ್ಲಿ ಪ್ರೋಬ್ ಇಳಿಸಿದ್ದೆ. ಮಧ್ಯಾಹ್ನ ಇಳಿತ ಶುರುವಾದಾಗ ಮತ್ತೆ ಇಳಿಸಬೇಕಿತ್ತು, ಇಳಿಸಲಿಲ್ಲ. ಇವತ್ತು ಹನ್ನೆರಡು ಸಾಲು ಮುಗಿಯಲೇಬೇಕು ಎಂದು ಪ್ರಸನ್ನ ಎರಡೆರಡು ಸಲ ಫೋನು ಮಾಡಿದ್ದ. ಬೆಳಗಿನ ಲೆಕ್ಕದ ಮೇಲೆಯೇ ಓಡಿಸಿದೆ. ಅಂಚುಗಳು ಬಾಗತೊಡಗಿದವು. ಅದು ಮರೆಯಾಗಲಿ ಎಂದು ಗೇನ್ ಏರಿಸಿದೆ. ಅದರಿಂದ ಅಂಚುಗಳು ಬಾಗುವುದರ ಜೊತೆಗೆ ಕೊಳಕೂ ಆದವು. ಸಂಜೆ ಫೈಲು ನೋಡಿ ಪ್ರಸನ್ನ ಫೋನು ಮಾಡಿದ. ಬಯ್ಯುತ್ತಾನೆ, ಮತ್ತೆ ಓಡಿಸಲು ಹೇಳುತ್ತಾನೆ ಎಂದುಕೊಂಡಿದ್ದೆ.

"ಅಯ್ಯೋ, ಅದಕ್ಕೆಲ್ಲಾ ಯಾಕೆ ತಲೆ ಕೆಡಿಸ್ಕೋತೀಯ? ಎಡ್ಜ್ ಎಲ್ಲಾ ಕಟ್ ಮಾಡ್ಬಿಡು. ಮಧ್ಯ ಚೆನ್ನಾಗಿದೆಯಲ್ಲ, ಸಾಕು. ಗ್ಯಾಪ್ ಸಾಫ್ಟ್‌ವೇರ್ ತುಂಬ್ಕೊಳತ್ತೆ" ಎಂದ.

ಇದರ ಅರ್ಥ ಹೇಳುತ್ತೇನೆ. ಎರಡು ಸಾಲುಗಳ ಅಂಚು ಕತ್ತರಿಸಿದರೆ ನಡುವೆ ನಾವು ನೋಡೇ ಇರದ ಒಂದು ಪಟ್ಟಿ ಉಳಿಯುತ್ತದೆ. ಈ ಕಡೆ ಏಳು ಮೀಟರು, ಆ ಕಡೆ ಏಳು ಮೀಟರು ಇದ್ದರೆ, ನಡುವೆಯೂ ಏಳೇ ಇರಬೇಕು ಎಂದು ಸಾಫ್ಟ್‌ವೇರ್ ತಾನೇ ಊಹಿಸಿ ಹಸಿರು ಬಣ್ಣ ಬಳಿದುಬಿಡುತ್ತದೆ. ನಕ್ಷೆ ನೋಡಲು ಚೆಂದ, ಮದುವೆ ಮನೆಯ ಹೊಸ ಚಾಪೆಯ ಹಾಗೆ. ಮರುದಿನದಿಂದ ನಾನು ಎಲ್ಲ ನಿಯಮ ಸರಿಯಾಗಿ ಪಾಲಿಸಿದೆ, ಆದರೆ ಮೊದಲನೇ ದಿನದ್ದನ್ನು ನನ್ನ ಕೈಯಾರೆ ಕತ್ತರಿಸಿ ಕಳಿಸಿದೆ. ಎರಡು ಕ್ಲಿಕ್ಕಿನ ಕೆಲಸ.

ಅಲ್ಲಿಂದ ಮುಂದೆ ಪ್ರತಿ ಸಂಜೆ ಹಗ್ಗ ಕಟ್ಟುವಾಗ ಶೀನಣ್ಣ "ಕಂಡ್ತಾ?" ಎನ್ನುವರು. ಇಲ್ಲ ಎನ್ನುತ್ತಿದ್ದೆ. ಎಂಟನೇ ದಿನ ಅವರು ಬರಲಿಲ್ಲ. ಅವರ ಅಮ್ಮ ಬೆಳಗಿನ ಜಾವ ಹೋಗಿಬಿಟ್ಟಿದ್ದರು. ಮಗನ ಸುದ್ದಿ ತಿಳಿಯದೇ ಹೋದರು.

ದೋಣಿ ನಾಲ್ಕು ದಿನ ನಿಂತಿತು. ಕೆಲಸದ ಹನ್ನೆರಡನೇ ದಿನ ನೋಡಿದರೆ ಶೀನಣ್ಣ ತಲೆ ಬೋಳಿಸಿಕೊಂಡು ದೋಣಿಯ ಹತ್ತಿರ ನಿಂತಿದ್ದಾರೆ. ಸೂತಕ ಕಳೆಯುವ ಮೊದಲೇ ಯಾಕೆ ಬಂದಿರಿ ಎಂದು ನಾನು ಗದರಿದ ಹಾಗೇ ಕೇಳಿದೆ. ಅವರು ನನ್ನನ್ನು ನೋಡದೆ, "ಅಬ್ಬಿದ್ ಬೊಜ್ಜ ಆಪ್ಕ್ ಮೊದ್ಲ್ ಅಂವ ಸಿಕ್ರೆ, ಇಬ್ರದ್ದೂ ಒಟ್ಟಿಗೇ ಮಾಡುವ ಅಂದೇಳಿ" ಎಂದರು. ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಯ ಊಟಕ್ಕೆ, ಇನ್ನು ಕೆಲವೇ ದಿನ ಉಳಿದಿತ್ತು. ನಮ್ಮ ಕೆಲಸದಲ್ಲಿ ಉಳಿದಿದ್ದದ್ದು ಒಂದೇ ದಿನ.

ನನಗೆ ಆಗ ನೆನಪಾದದ್ದು ಆ ಕತ್ತರಿಸಿದ ಅಂಚುಗಳು. ಖಾಡಿಯಲ್ಲಿ ನಾವು ನೋಡದೆ ಬಿಟ್ಟ ಜಾಗವೆಂದರೆ ಅದೊಂದೇ. ಪ್ರಸನ್ನನಿಗೆ ಫೋನು ಮಾಡಿ, ಮೊದಲನೇ ದಿನದ ಸಾಲುಗಳನ್ನು ಮತ್ತೆ ಓಡಿಸುತ್ತೇನೆ ಎಂದೆ. "ಬೇಡಪ್ಪ, ಅದು ಕ್ಲೋಸ್ ಆಗಿರೋ ಏರಿಯಾ. ಬಾಕಿ ಮುಗಿಸ್ಕೊಂಡು ಬಾ" ಎಂದು ಫೋನಿಟ್ಟ. ಮೈಯೆಲ್ಲ ಉರಿದುಹೋಯಿತು. ಅವನ ಮೇಲೆ ಎಷ್ಟು ಉರಿಯಿತೋ ಎರಡು ಕ್ಲಿಕ್ ಮಾಡಿದ ನನ್ನ ಬೆರಳಿನ ಮೇಲೂ ಅಷ್ಟೇ. ಬಾಕಿ ಇದ್ದದ್ದನ್ನು ಮಧ್ಯಾಹ್ನದೊಳಗೆ ಮುಗಿಸಿ, ಶೀನಣ್ಣನಿಗೆ ದೋಣಿ ತಿರುಗಿಸಲು ಹೇಳಿದೆ. ಯಾಕೆ, ಎಲ್ಲಿಗೆ ಎಂಬುದನ್ನು ವಿವರಿಸಲಿಲ್ಲ. ಕತ್ತರಿಸಿದ ಪಟ್ಟಿಗಳಲ್ಲಿ ಎಲ್ಲಕ್ಕಿಂತ ಅಗಲವಾದದ್ದನ್ನು ಮೊದಲು ನೋಡೋಣ ಎಂದುಕೊಂಡೆ. ಏಳು ಮತ್ತು ಎಂಟನೇ ಸಾಲುಗಳ ನಡುವಿನ ದಾರಿ ಹಿಡಿಯಿರಿ ಎಂದಷ್ಟೇ ಹೇಳಿ ಜಿಪಿಎಸ್ ತೆರೆಯನ್ನು ಅವರ ಕಡೆಗೆ ತಿರುಗಿಸಿಟ್ಟೆ. ಸೋನಾರಿನ ತೆರೆ ನನ್ನ ಮುಂದೆ ಮಾತ್ರ ಇತ್ತು, ಅದರ ಬೆನ್ನು ಅವರ ಕಡೆಗೆ.

ನೀರು ನಿಂತ ಹೊತ್ತು. ಭರತ ಮುಗಿದು ಇಳಿತ ಇನ್ನೂ ಶುರುವಾಗಿರಲಿಲ್ಲ. ಈ ಸಲ ಪ್ರೋಬನ್ನು ಎರಡೆರಡು ಬಾರಿ ಇಳಿಸಿದೆ. ಮೇಲ್ಗಡೆ ಸದ್ದಿನ ವೇಗ ಸೆಕೆಂಡಿಗೆ ಸಾವಿರದ ಐನೂರ ಇಪ್ಪತ್ತು ಮೀಟರು, ತಳದ ಹತ್ತಿರ ಸ್ವಲ್ಪ ಹೆಚ್ಚು. ಅರ್ಧ ಉಪ್ಪು ಅರ್ಧ ಸಿಹಿಯ ಖಾಡಿಗೆ ಸರಿಯಾದ ಲೆಕ್ಕ. ಸೋನಾರಿನ ತಲೆಯ ಪಕ್ಕದಲ್ಲಿ ಇನ್ನೊಂದು ಚಿಕ್ಕ ಸೆನ್ಸರ್ ಇರುತ್ತದೆ, ಆ ಕ್ಷಣಕ್ಕೆ ತಲೆಯ ಸುತ್ತಲಿನ ನೀರಿನ ವೇಗವನ್ನು ತೆರೆಯ ಮೂಲೆಯಲ್ಲಿ ತೋರಿಸುತ್ತಿರುತ್ತದೆ. ಅದೂ ಸಾವಿರದ ಐನೂರ ಇಪ್ಪತ್ತನ್ನೇ ತೋರಿಸುತ್ತಿತ್ತು, ನಾವು ಬರೀ ಇಪ್ಪತ್ತು ಎನ್ನುತ್ತೇವೆ. ಗೇನನ್ನು ಹದಕ್ಕೆ ಇಟ್ಟೆ. ತಳ ಸಪಾಟಾಗಿ ಬರತೊಡಗಿತು.

ಅರ್ಧ ಸಾಲು ದಾಟಿದ ಮೇಲೆ ಮೂಲೆಯ ಅಂಕೆ ಏರತೊಡಗಿತು. ಇಪ್ಪತ್ತೈದು, ಮೂವತ್ತೆರಡು, ಕೊನೆಗೆ ಸಾವಿರದ ಐನೂರ ನಲವತ್ತೊಂದಕ್ಕೆ ಹೋಗಿ ನಿಂತಿತು. ಅದು ತೆರೆದ ಸಮುದ್ರದ ಅಂಕೆ. ಡೊಂಬಿವಲಿಯ ಖಾಡಿಯಲ್ಲಿ ಅದು ಬರುವುದಕ್ಕೇ ಸಾಧ್ಯವಿಲ್ಲ. ಸೆನ್ಸರಿಗೆ ಕೆಸರೋ ಪ್ಲಾಸ್ಟಿಕ್ಕೋ ಸುತ್ತಿಕೊಂಡಿದೆ ಎಂದುಕೊಂಡೆ. ಕೈಹಾಕುವ ಮೊದಲು ಸೋನಾರ್ ಸದ್ದು ಬಿಡುವುದನ್ನು ನಿಲ್ಲಿಸಬೇಕು, ಅದು ನಿಯಮ. ನಿಲ್ಲಿಸಿದೆ. ಕಂಬಕ್ಕೆ ಕೈಯಿಟ್ಟರೆ ತಿಳಿಯುವ ಟಿಕ್ ಟಿಕ್ ನಿಂತಿತು. ಎದ್ದು ಕಂಬದ ಬೋಲ್ಟು ಸಡಿಲಿಸಲು ಬಗ್ಗಿದವನು, ಯಾಕೋ ತೆರೆಯ ಕಡೆ ನೋಡಿದೆ. ಚಿತ್ರ ನಿಂತಿರಲಿಲ್ಲ.

ಸದ್ದೇ ಬಿಡದ ಯಂತ್ರಕ್ಕೆ ಯಾವುದೂ ಮರಳಿ ಬರುವ ಹಾಗಿಲ್ಲ. ತೆರೆ ಕಪ್ಪಾಗಬೇಕಿತ್ತು. ಅದರ ಬದಲು ಸಾಲಿನ ಮೇಲೆ ಸಾಲು ಬರುತ್ತಲೇ ಇತ್ತು. ಗೇನ್ ಇಳಿಸಿದೆ. ಸೊನ್ನೆಗೆ ತಂದೆ. ಬಣ್ಣ ಒಂದಿಷ್ಟೂ ಮಾಸಲಿಲ್ಲ. ವೇಗದ ಅಂಕೆ ಅಷ್ಟು ತಪ್ಪಿದ್ದರೆ ಅಂಚು ಬಾಗಲೇಬೇಕು. ತಳ ಮಾತ್ರ ಕಡಪಾ ಕಲ್ಲು ಹಾಸಿದ ಹಾಗೆ ಕೊನೆಯವರೆಗೂ ಸಪಾಟಾಗಿತ್ತು. ನಾನು ಇಷ್ಟು ವರ್ಷದಲ್ಲಿ ಅಂಥ ಸ್ವಚ್ಛವಾದ ಚಿತ್ರ ಕಂಡಿಲ್ಲ. ಅದರ ಮೇಲೆ ಮೊದಲು ಒಂದು ಚೂಪಾದ ಮೂತಿ ಬಂತು. ಆಮೇಲೆ ಅಡ್ಡ ಹಲಗೆಗಳು, ಒಂದು, ಎರಡು. ಹಿಂದೆ ಮೇಲಕ್ಕೆತ್ತಿಟ್ಟ ಇಂಜಿನ್ನು. ದೋಣಿ. ಮಗುಚಿರಲಿಲ್ಲ, ದಡಕ್ಕೆ ಕಟ್ಟಿಟ್ಟ ಹಾಗೆ ನೆಟ್ಟಗೆ ಕೂತಿತ್ತು.

ನಾನು ಬಾಯಿ ಬಿಟ್ಟಿರಲಿಲ್ಲ. ಅಷ್ಟರಲ್ಲಿ ನಮ್ಮ ಇಂಜಿನ್ ನಿಂತಿತು. ತಿರುಗಿ ನೋಡಿದರೆ ಶೀನಣ್ಣ ಒಂದು ಕೈಯನ್ನು ಮೊಣಕೈವರೆಗೆ ನೀರಿಗೆ ಬಿಟ್ಟು ಕೂತಿದ್ದರು. ಕೈಯೆತ್ತಿ ಬೆರಳನ್ನು ನಾಲಿಗೆಗೆ ಮುಟ್ಟಿಸಿದರು. ಆ ಖಾಡಿಯ ನೀರನ್ನು ಯಾರೂ ಬಾಯಿಗೆ ಹಾಕುವುದಿಲ್ಲ, ಮೈಲಿ ದೂರಕ್ಕೇ ಕೆಮಿಕಲ್ ವಾಸನೆ ಹೊಡೆಯುತ್ತದೆ.

"ಹ್ವಾಯ್, ಇದ್ ಹೊಳಿ ನೀರಲ್ಲ" ಎಂದರು. "ಕಡಲ್ ನೀರ್. ನಮ್ಮೂರ್ ಕಡಲ್ ನೀರ್ ಕಾಣಿ."

ಅಂಕೆಯ ವಿಷಯ ನಾನು ಅವರಿಗೆ ಹೇಳಿರಲಿಲ್ಲ. ಹೇಳಿದ್ದರೂ ಅವರಿಗೆ ಅದು ಅರ್ಥವಾಗುತ್ತಿರಲಿಲ್ಲ. ನಾನೂ ಕೈ ಅದ್ದಿ ನಾಲಿಗೆಗೆ ಇಟ್ಟೆ. ಉಪ್ಪು. ಶುದ್ಧ ಉಪ್ಪು. ವಾಸನೆಯೂ ಇರಲಿಲ್ಲ. ಇನ್ನೊಂದು ಪಕ್ಕದಿಂದ ಪ್ರೋಬ್ ಇಳಿಸಿದೆ, ಅದು ಇಪ್ಪತ್ತು ಎಂದೇ ತೋರಿಸಿತು. ಆರಡಿ ಅಗಲದ ದೋಣಿಯ ಈ ಮಗ್ಗುಲಿಗೊಂದು ನೀರು, ಆ ಮಗ್ಗುಲಿಗೊಂದು ನೀರು. ಜಾಗದ ಗುರುತು ಹಾಕಿದೆ. ಮುಳುಗಿದ ದೋಣಿಯ ಚಿತ್ರ ಪೂರ್ತಿ ದಾಟಿದ ಕೂಡಲೇ ತೆರೆ ಕಪ್ಪಾಯಿತು. ಮೂಲೆಯ ಅಂಕೆ ಇಪ್ಪತ್ತಕ್ಕೆ ಇಳಿಯಿತು, ಕೆಮಿಕಲ್ ವಾಸನೆ ಮೂಗಿಗೆ ಬಡಿಯಿತು. ಆಮೇಲೆ ಶೀನಣ್ಣನಿಗೆ ಹೇಳಿದೆ, ಕಂಡಿತು ಎಂದು. ಅವರು ಹೂಂ ಎಂದರು ಅಷ್ಟೇ.

ಪ್ರಸನ್ನನಿಗೆ ದೋಣಿಯೊಂದು ಮುಳುಗಿದೆ ಎಂದು ಮಾತ್ರ ತಿಳಿಸಿದೆ. "ನಮ್ಮ ಸ್ಕೋಪ್‌ನಲ್ಲಿ ಇಲ್ಲ. ಚಾರ್ಟಲ್ಲಿ ಹಾಕಿದ್ರೆ ಪೊಲೀಸು, ಪಂಚನಾಮೆ, ಕೆಲಸ ನಿಲ್ಲತ್ತೆ. ಬಿಟ್ಬಿಡು" ಎಂದ. ನಾನು ದೋಣಿಯಲ್ಲಿ ನಿಂತು, ಡೊಂಬಿವಲಿಗೆಲ್ಲ ಕೇಳುವ ಹಾಗೆ ಅವನಿಗೆ ಬಯ್ದೆ. ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಬಯ್ದೆ. ಜಾಗದ ಅಂಕೆಗಳನ್ನು ಬರೆದು ಶೀನಣ್ಣನ ಕೈಗಿಟ್ಟೆ. ಖಾಡಿಯ ಮೀನುಗಾರರು ಕೊಕ್ಕೆ ಕಟ್ಟಿದ ಹಗ್ಗ ಎಳೆದು, ಎರಡನೇ ದಿನ ಅದೇ ಜಾಗದಲ್ಲಿ ದೋಣಿ ಎತ್ತಿದರು. ರಾಜು ತನ್ನ ಬಲೆಯಲ್ಲೇ ಸಿಕ್ಕಿಕೊಂಡಿದ್ದ. ಉಳಿದದ್ದು ಎಷ್ಟು, ಹೇಗಿತ್ತು ಎಂಬುದನ್ನು ನಾನು ಬರೆಯುವುದಿಲ್ಲ. ಬೊಜ್ಜಕ್ಕೆ ಮೊದಲೇ ಸಿಕ್ಕಿದ.

ಸುದ್ದಿಯಾದ ಮೇಲೆ ಪ್ರಸನ್ನನ ದನಿ ಬೆಣ್ಣೆಯಾಯಿತು. ನಮ್ಮ ಸರ್ವೆಯಿಂದಲೇ ಸಿಕ್ಕಿದ್ದಲ್ಲವೇ, ಆ ಇಮೇಜ್ ಕಳಿಸು, ಕ್ಲೈಂಟಿಗೆ ತೋರಿಸೋಣ ಎಂದ. ಬೇಲಾಪುರಕ್ಕೆ ಹೋಗಿ ಫೈಲು ತೆರೆದೆ. ನಾನು ಸದ್ದು ನಿಲ್ಲಿಸಿದ ಕ್ಷಣದವರೆಗೆ ಬರಿಯ ತಳ. ಅಲ್ಲಿಂದ ಮುಂದೆ ಏನೂ ಇಲ್ಲ. ದೋಣಿ ಬಂದದ್ದು ನಿಲ್ಲಿಸಿದ ಮೇಲೆ ತಾನೇ, ಅದು ಫೈಲಿನಲ್ಲಿ ಇರಲೇ ಇಲ್ಲ. ಹಳೆಯದೇನೋ ಮತ್ತೆ ಮೂಡಿರಬಹುದು ಎಂದು ಮೊದಲನೇ ದಿನದ ಫೈಲು ತೆಗೆದೆ. ಕತ್ತರಿಸಿದ ಅಂಚುಗಳು ನಿಜವಾಗಿ ಅಳಿದಿರುವುದಿಲ್ಲ, ಅಡಗಿರುತ್ತವೆ. ಏಳನೇ ಸಾಲಿನ ಎಡ ಅಂಚನ್ನು ಮರಳಿ ತಂದೆ.

ದೋಣಿ ಅಲ್ಲಿತ್ತು. ಸೊಟ್ಟಗೆ, ಕೊಳಕಾಗಿ, ಬಾಗಿದ ತಳಕ್ಕೆ ಅಂಟಿಕೊಂಡಂತೆ ಇತ್ತು, ಆದರೆ ಇತ್ತು. ತಿಳಿದವನು ಒಂದು ನಿಮಿಷ ನೋಡಿದ್ದರೆ ಗುರುತು ಸಿಗುತ್ತಿತ್ತು. ನಾನು ತಿಳಿದವನೇ. ಪ್ರಸನ್ನನಿಗೆ ಇಮೇಜ್ ಇಲ್ಲ ಎಂದು ಹೇಳಿ ಎದ್ದುಬಂದೆ. ಆ ಕಂಪನಿಯಲ್ಲಿ ಮತ್ತೆ ಹೆಚ್ಚು ದಿನ ಇರಲಿಲ್ಲ.

ಆ ಮಧ್ಯಾಹ್ನದ್ದು ಏನೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಈ ಕೆಲಸ ಬಲ್ಲವರನ್ನೆಲ್ಲ ಕೇಳಿದ್ದೇನೆ. ಲ್ಯಾಪ್‌ಟಾಪ್ ಹ್ಯಾಂಗ್ ಆಗಿತ್ತು ಎನ್ನುತ್ತಾರೆ. ಹ್ಯಾಂಗ್ ಆದ ಲ್ಯಾಪ್‌ಟಾಪು ಅಷ್ಟು ಸ್ವಚ್ಛವಾದ ದೋಣಿಯನ್ನು ಎಲ್ಲಿಂದ ತಂದಿತು? ಉಪ್ಪುನೀರಿನ ಒಂದು ಸೆರಗು ಒಳಗೆ ಬಂದಿರಬಹುದು ಎನ್ನುತ್ತಾರೆ. ಅದು ನಮ್ಮ ಒಂದೇ ಮಗ್ಗುಲಿಗೆ, ಅದೇ ಜಾಗದಲ್ಲಿ, ಅಷ್ಟೇ ಹೊತ್ತು ಬಂತೇ? ನನಗೆ ಇವೆಲ್ಲಕ್ಕಿಂತ ಹೆಚ್ಚು ಸಿಟ್ಟು ಬರುವುದು ತೋರಿಸಿದ್ದು ಯಾರೋ, ಅವರ ಮೇಲೆ. ತೋರಿಸುವುದಿದ್ದರೆ ಎಂಟು ದಿನದೊಳಗೆ ತೋರಿಸಬೇಕಿತ್ತು, ಆ ಮುದುಕಿಯ ಕಣ್ಣು ತೆರೆದಿದ್ದಾಗ. ಹೀಗೆ ಎಷ್ಟೋ ಸಲ ಮನಸ್ಸಿನಲ್ಲೇ ಕೂಗಾಡಿದ್ದೇನೆ. ಕೂಗಾಡಿ ಸುಮ್ಮನಾಗುತ್ತೇನೆ. ಮೊದಲನೇ ದಿನವೇ, ಯಾವ ಪವಾಡವೂ ಇಲ್ಲದೆ, ತೋರಿಸಿಯಾಗಿತ್ತು.

ಬೊಜ್ಜದ ದಿನ ದಿವಾಕ್ಕೆ ಹೋಗಿದ್ದೆ. ಚಾಳಿನ ಮುಂದೆ ಶಾಮಿಯಾನ ಹಾಕಿ, ತಾಯಿ ಮಗ ಇಬ್ಬರ ಫೋಟೋವನ್ನೂ ಪಕ್ಕಪಕ್ಕ ಇಟ್ಟಿದ್ದರು. ಲಲಿತಾ ಹಣೆ ಬರಿದು ಮಾಡಿಕೊಂಡು ನಾಲ್ಕು ಹೆಂಗಸರ ನಡುವೆ ಕೂತಿದ್ದಳು, ನನ್ನನ್ನು ನೋಡಿ ಕೈ ಮುಗಿದಳು. ಎಲ್ಲರಿಗೂ ನಾನು ರಾಜುವನ್ನು ಹುಡುಕಿಕೊಟ್ಟವನು. ಶೀನಣ್ಣ ಕೈ ತೊಳೆಯುವ ಜಾಗದವರೆಗೆ ನನ್ನ ಜೊತೆ ಬಂದು, ನೀರಿನ ಚೊಂಬು ಕೊಡುತ್ತಾ ದನಿ ತಗ್ಗಿಸಿ ಕೇಳಿದರು.

"ಹ್ವಾಯ್, ಬೇಜಾರ್ ಮಾಡ್ಕಣ್ಬೇಡಿ. ಮೊದ್ಲೇ ಕಾಂಬುಕ್ ಆತಿತ್ತಾ? ಅಬ್ಬಿ ಬದ್ಕಿಪ್ಪತಿಗೆ?"

"ಇಲ್ಲ ಶೀನಣ್ಣ" ಎಂದೆ. "ಆವಾಗ ನೀರು ಸರಿ ಇರ್ಲಿಲ್ಲ."

ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹೆಗಲ ಮೇಲಿನ ಬೈರಾಸು ತೆಗೆದು ನನ್ನ ಕೈಗೆ ಕೊಟ್ಟು, "ಆಯ್ತ್, ಬನ್ನಿ, ಎಲೆ ಹಾಕಿದ್ರ್" ಎಂದರು. ನಾನು ಕೈ ಒರೆಸಿಕೊಂಡು, ಹೋಗಿ ಕೂತು, ಬಡಿಸಿದ್ದನ್ನೆಲ್ಲ ಉಂಡೆ.